ಹಗೇವಿನ ಬಾಯಿ

ಹಗೇವಿನ ಬಾಯಿ ಮುಚ್ಚಿದ್ದ ಬಂಡೆಗೆ ಹಾರೆ ಬಿದ್ದ ಸದ್ದು ಕೇಳಿದ್ದೇ ತಡ, ಗುರುಬಸಮ್ಮ ಕಸಬರಿಗೆ ಬಿಸಾಕಿ ಒಳಪಡಸಾಲೆಗೆ ಓಡಿಬಂದಳು.

"ತೆಗೀಬ್ಯಾಡ್ರಿ! ನಿಮ್ಮ ಕಾಲಿಗೆ ಬೀಳ್ತೀನಿ, ಅದೊಂದು ತೆಗೀಬ್ಯಾಡ್ರಿ!"

ಮಹಾಯುದ್ಧ ಮುಗಿದ ವರ್ಷ ನಾಡಗೌಡರ ಮನೆತನ ತಮ್ಮ ಕೋಟೆಯಂಥ ವಾಡೆಯನ್ನು ಊರಿಗೆ ಬಿಟ್ಟುಕೊಟ್ಟು ಆದೋನಿ ಪಟ್ಟಣ ಸೇರಿತ್ತು. ಈಗದು ವಸ್ತುಸಂಗ್ರಹಾಲಯ, ಪಂತುಲು ಅದರ ಮೇಲ್ವಿಚಾರಕರು. ಪಲ್ಲಕ್ಕಿ, ಕತ್ತಿ, ತೂಗುಮಂಚ ನೋಡಿ ಮುಗಿಸಿದ ಜನ ಹೊಸದೇನಿದೆ ಎಂದು ಕೇಳುತ್ತಿದ್ದರು. ನೆಲದಡಿ ಜೋಳ ತುಂಬಿಡುತ್ತಿದ್ದ ಆ ಹಳೆಯ ಹಗೇವಿನ ಗುಂಡಿಯನ್ನೂ ತೋರಿಸೋಣವೆಂದು ಪಂತುಲು ಅವರಿಗೆ ಹೊಳೆದಿತ್ತು.

"ಯಾಕಮ್ಮಾ, ಒಳಗ ದೆವ್ವ ಐತೇನು?" ಎಂದು ಅವರು ನಕ್ಕರು.

ಇಪ್ಪತ್ತು ವರ್ಷದ ಹಿಂದೆ ಗುರುಬಸಮ್ಮನ ಗಂಡ ಯರ್ರೆಪ್ಪ ಬಿಟ್ಟಿ ಚಾಕರಿ ಮಾಡುವುದಿಲ್ಲವೆಂದು ನಾಡಗೌಡರಿಗೆ ಎದುರಾಡಿದ್ದ. ಆಳುಗಳು ಅವನನ್ನು ಇದೇ ವಾಡೆಯೊಳಕ್ಕೆ ಎಳೆದೊಯ್ದರು. ಮರುದಿನ, "ಆಗ್ಲೇ ಬಿಟ್ಟು ಕಳಿಸೀವಿ, ಮುಂಬೈ ಗಿರಣಿಗೆ ಹೋದ" ಎಂದರು. ಊರ ಮಂದಿ ಮಾತ್ರ ಹಗೇವಿನ ಕಡೆ ಕಣ್ಸನ್ನೆ ಮಾಡಿ ಸುಮ್ಮನಾದರು. ಕಸ ಗುಡಿಸುವ ಈ ಕೆಲಸವನ್ನು ಅವಳು ಬೇಡಿ ಹಿಡಿದದ್ದೇ ಆ ಬಂಡೆಗಾಗಿ. ದಿನಾ ಅದನ್ನು ಒರೆಸುತ್ತಿದ್ದಳು. ಒಮ್ಮೆಯೂ ಅದರ ಮೇಲೆ ಕಾಲಿಟ್ಟವಳಲ್ಲ. ಅದು ಮುಚ್ಚಿರುವಷ್ಟು ದಿನ ಅವಳ ಹಣೆಯ ಕುಂಕುಮ ಗಟ್ಟಿ.

ಬಂಡೆ ಸರಿಯಿತು. ಮುಗ್ಗಲು ವಾಸನೆ ಗಪ್ಪನೆ ಮೇಲೆದ್ದಿತು. ಗುರುಬಸಮ್ಮ ಕಂಬ ತಬ್ಬಿಕೊಂಡಳು. ಗಾಳಿಯಾಡಲೆಂದು ಮಧ್ಯಾಹ್ನದವರೆಗೆ ಬಿಟ್ಟು, ಲಾಟೀನು ಇಳಿಬಿಟ್ಟು ನೋಡಿ, ಆಮೇಲೆ ಕಾವಲುಗಾರ ನಾಗಣ್ಣನ ಸೊಂಟಕ್ಕೆ ಹಗ್ಗ ಕಟ್ಟಿ ಇಳಿಸಿದರು. ಅಷ್ಟು ಹೊತ್ತೂ ಅವಳು ಕಂಬ ಬಿಡಲಿಲ್ಲ, ಹನಿ ನೀರು ಮುಟ್ಟಲಿಲ್ಲ.

"ಏನೈತೋ ನಾಗಣ್ಣಾ?" ಪಂತುಲು ಬಗ್ಗಿ ಕೂಗಿದರು.

ಲಾಟೀನಿನ ಬೆಳಕು ಒಳಗೋಡೆಯ ಮೇಲೆ ಹರಿದಾಡಿತು. ಒಂದು ಕಡೆ ನಿಂತಿತು. ಗುರುಬಸಮ್ಮ ಕಣ್ಣು ಮುಚ್ಚಿದಳು.

"ಎಲ್ಲಾ ಕಡಿ ಕೆದರಿ ನೋಡೀನ್ರಿ. ಏನೂ ಇಲ್ರಿ! ನಾಕು ಹುಳ ತಿಂದ ಜ್ವಾಳ, ಅಷ್ಟ!"

ಪಂತುಲು ಅವರ ಮುಖ ಸಪ್ಪಗಾಯಿತು. ನಾಗಣ್ಣ ಮೇಲೆ ಬಂದವನೇ ಹಗ್ಗವನ್ನೂ ಬಿಚ್ಚದೆ ನೇರ ಅವಳ ಬಳಿ ಹೋದ.

"ಯಕ್ಕಾ, ಯರ್ರೆಪ್ಪಣ್ಣ ಅಲ್ಲಿಲ್ಲ. ಮಂದಿ ಸುಳ್ಳು ಹುಟ್ಟಿಸ್ಯಾರ. ಇನ್ನ ಹೆದರಬ್ಯಾಡ, ಎಲ್ಲ್ಯೋ ಬದುಕ್ಯಾನ."

ಗುರುಬಸಮ್ಮ ಕಂಬ ಬಿಟ್ಟು ನೆಲಕ್ಕೆ ಕೂತಳು.

"ಸತ್ತಾನ, ಅದಕ್ಕ ಬರಲಿಲ್ಲ ಅಂದ್ಕೊಂಡಿದ್ನೆಪ್ಪಾ," ಎಂದಳು.