ಬೆಲ್ಲ, ನೀರು

ಕಡಲು ಹಿತ್ತಲನ್ನು ನುಂಗಿದ ಮೇಲೆ ಮುಕಾಂಬುವಿನ ಮಗಳಿಗೆ ಬಂದ ಎರಡು ಸಂಬಂಧಗಳು ತಪ್ಪಿದವು. ನಾಳೆ ಮನೆ ಬಿದ್ದರೆ ಹೆಣ್ಣಿನವರೆಲ್ಲ ತಮ್ಮಲ್ಲಿಗೇ ಬಂದು ಕೂತಾರೆಂದು ಗಂಡಿನವರಿಗೆ ಹೆದರಿಕೆ.

ಈ ಸಲ ಮುಕಾಂಬು ಕಡಲು ಇಳಿದಿರುವ ಹೊತ್ತು ನೋಡಿಯೇ ಹೊಸ ಸಂಬಂಧದವರನ್ನು ಕರೆದಳು, ಹಿಂಬಾಗಿಲಿಗೆ ಅಗುಳಿ ಹಾಕಿದಳು. ಬಾವಿ ಉಪ್ಪಾಗಿತ್ತು. ಗುಡ್ಡದ ಮೇಲಿನ ಮನೆಯಿಂದ ಹೊತ್ತು ತಂದ ನೀರನ್ನು ಬೆಲ್ಲದ ಜೊತೆ ಗಂಡಿನ ತಾಯಿಯ ಮುಂದಿಟ್ಟಳು.

ಆಕೆ ಚೊಂಬು ಬರಿದು ಮಾಡಿ ಕೇಳಿದಳು, "ನಿಮ್ ಬಾವಿ ನೀರಾ?"

"ಹೌದ್ ಅಕ್ಕ." ಮುಕಾಂಬು ಬೆಲ್ಲವನ್ನು ಇನ್ನಷ್ಟು ಮುಂದೆ ಸರಿಸಿದಳು.

"ಕಡ್ಲ್ ಇಲ್ಲಿಗ್ ಬತ್ತಿಲ್ಯಾ?"

"ಇಲ್ಯೇ, ಭಾರೀ ದೂರ."

ಗಂಡಿನ ತಾಯಿ ಅವಳ ಎರಡೂ ಕೈ ಹಿಡಿದುಕೊಂಡಳು. "ನಮ್ಮನಿ ಹೋದ್ ಮಳಿಗಾಲ್ದಗೇ ಕಡ್ಲ್ ಪಾಲಾಯ್ತ್ ಅಕ್ಕ. ಮಕ್ಕಳ ಮದಿ ಆದ್ಮೇಲೆ ನಾವೆಲ್ಲಾ ಇಲ್ಲೇ ಬಂದ್ ಇರ್ಲಕ್ಕಾ?"