ನಡೆಸಿಕೊಂಡು ಹೋದ ಸೈಕಲ್ಲು

“ಎಲ್ಲಿ, ಹತ್ತಿ ತೋರ್ಸಿ ನೋಡಾನ.”

ಸ್ಕೂಟರಿನಿಂದ ಇಳಿದ ಗಿರೀಶ ಹೀಗಂದಾಗ ಅಂಗನವಾಡಿಯ ಪುಟ್ಟಗೌರಮ್ಮ ತಾನು ತಳ್ಳಿಕೊಂಡು ಬರುತ್ತಿದ್ದ ಸೈಕಲ್ಲಿನ ಹ್ಯಾಂಡಲ್ಲನ್ನು ಬಿಗಿಯಾಗಿ ಹಿಡಿದುಕೊಂಡಳು. ಪಾಂಡವಪುರದಾಚೆಯ ನಾಲೆ ಏರಿಯ ಮೇಲೆ ಮಂಜು ಇನ್ನೂ ಬಿಟ್ಟಿರಲಿಲ್ಲ. ಅಂಗನವಾಡಿಯವರು ತುಳಿದು ಗಟ್ಟಿಯಾಗಿರಲಿ ಎಂದು ಆಫೀಸಿನವರು ಸೈಕಲ್ಲು ಕೊಟ್ಟು ಆರು ತಿಂಗಳಾಗಿತ್ತು. ತುಳಿಯದವರಿಂದ ವಾಪಸು ತರಬೇಕೆಂದು ಈಗ ಗುಮಾಸ್ತ ಗಿರೀಶನಿಗೆ ಆರ್ಡರಾಗಿತ್ತು.

ಸೀಟಿನ ಮೇಲೆ ಅಂಗಡಿಯ ಪ್ಲಾಸ್ಟಿಕ್ಕು ಹಾಗೇ ಇತ್ತು.

“ಒಂದಿನಾನೂ ಕೂತಿಲ್ವಲ್ಲಮ್ಮ ನೀವು.”

“ಸುಳ್ ಯಾಕೇಳ್ಲಿ ಸಾ, ತುಳಿಯಾಕೆ ಬರಾಕಿಲ್ಲ. ತಳ್ಕಂಡ್ ಓಡಾಡ್ತೀನಿ.”

“ತಳ್ಳಾಕೆ ಸೈಕಲ್ ಯಾಕೆ? ಬರೀ ಕೈಲಿ ನಡೀರಿ.”

ಅಯ್ಯೋ, ಈ ಹುಡುಗನಿಗೆ ಹೇಗೆ ತಿಳಿಸಿ ಹೇಳುವುದು? ಸಕ್ಕರೆ ಕಾಯಿಲೆ, ದಿನಾ ನಡೀಬೇಕು ಎಂದು ಡಾಕ್ಟರು ಹೇಳಿದ್ದು ಮೂರು ವರ್ಷದ ಹಿಂದೆ. ಗೌಡರ ಮನೆಯ ನಲವತ್ತೈದರ ಹೆಂಗಸು ಕೆಲಸವಿಲ್ಲದೆ ಬರಿಗೈಯಲ್ಲಿ ಏರಿ ಹತ್ತಿದರೆ ಊರು ಸುಮ್ಮನಿರುತ್ತದೆಯೇ? “ಎತ್ತಗೆ ಗೌರಕ್ಕ? ಮನೇಲಿ ಜಗಳವಾ?” ಎರಡೇ ದಿನಕ್ಕೆ ಸಾಕಾಗಿ ಮನೆ ಸೇರಿದ್ದಳು. ಸೈಕಲ್ಲು ಬಂದ ಮೇಲೆ ಕೇಳಿದವರಿಗೆಲ್ಲ ಒಂದೇ ಉತ್ತರ: “ಕಲೀತಾ ಇವ್ನಿ.” ಊರಿನ ಬಾಯಿ ಅಲ್ಲಿಗೆ ಮುಚ್ಚಿತು.

ಅಲ್ಲಿಂದೀಚೆಗೆ ಬೆಳಗೆಂದರೆ ಬೆಳಗು. ಟಿಕ್ ಟಿಕ್ ಎನ್ನುತ್ತ ಚಕ್ರ ಗೆಳತಿಯ ಹಾಗೆ ಪಕ್ಕದಲ್ಲೇ ಮಾತಾಡಿಕೊಂಡು ಬರುತ್ತದೆ. ಕಬ್ಬಿನ ಗದ್ದೆಗಳು ಮಂಜಿನಲ್ಲಿ ಬುಡವಿಲ್ಲದೆ ತೇಲುತ್ತವೆ. ನಾಲೆಯ ನೀರು ಹೋಗುತ್ತಿದೆಯೋ ತಾನೇ ಹೋಗುತ್ತಿದ್ದೇನೋ ಒಂದೊಂದು ಸಲ ತಿಳಿಯುವುದಿಲ್ಲ. ಅಂಗಾಲಿನ ಉರಿ ಯಾವತ್ತು ಬಿಟ್ಟುಹೋಯಿತೆಂದು ಅವಳಿಗೇ ಗೊತ್ತಿಲ್ಲ.

“ಮುನ್ನೂರಿದ್ದ ಸಕ್ರೆ ನೂರೈವತ್ತಕ್ಕಿಳ್ದದೆ. ಇದ ಕಿತ್ಕಂಡ್ರೆ ನಾ ಮತ್ತೆ ಒಳೀಕೇ ಕೂರ್ಬೇಕಾಯ್ತದೆ ಸಾ,” ಎಂದಳು.

ಗಿರೀಶ ಬಗ್ಗಿ ಟೈರು ಮುಟ್ಟಿ ನೋಡಿದ. ತಳ್ಳಿ ತಳ್ಳಿಯೇ ಗೀರುಗಳು ಸವೆಯತೊಡಗಿದ್ದವು. ಸೀಟಿನ ಪ್ಲಾಸ್ಟಿಕ್ಕನ್ನು ತಾನೇ ಕಿತ್ತು ಜೇಬಿಗೆ ತುರುಕಿಕೊಂಡು, ಫಾರಮ್ಮಿನಲ್ಲಿ ‘ಬಳಕೆಯಲ್ಲಿದೆ’ ಎಂದು ಬರೆದ. ಸ್ಕೂಟರು ಹತ್ತಲು ಕಾಲೆತ್ತಿದವನು ತನ್ನ ಹೊಟ್ಟೆ ನೋಡಿಕೊಂಡು ನಿಂತುಬಿಟ್ಟ.

“ನಂಗೂ ಬೀಪಿ ಅದೆ ಅಂದವ್ರೆ,” ಎಂದು ಮೆಲ್ಲಗೆ ಹೇಳಿ, ಸ್ಕೂಟರು ತಳ್ಳಿಕೊಂಡು ಅವಳ ಪಕ್ಕದಲ್ಲೇ ಊರ ಕಡೆ ಹೆಜ್ಜೆ ಹಾಕಿದ.

ಎದುರಿಗೆ ಎಮ್ಮೆ ಹೊಡೆದುಕೊಂಡು ಬಂದ ಹುಚ್ಚಯ್ಯ ಕಣ್ಣರಳಿಸಿದ. “ಯಾಕ್ ಸಾ, ಗಾಡಿ ಕೆಟ್ಟೋಯ್ತಾ?”

ಪುಟ್ಟಗೌರಮ್ಮನೇ ಉತ್ತರ ಕೊಟ್ಟಳು.

“ಇಲ್ಲ ಕಣಣ್ಣ, ಕಲೀತಾವ್ರೆ.”