ಆರೂ ಹತ್ತರ ಶಟರ್

ಆರೂ ಹತ್ತಕ್ಕೆ ಮೋಟರ್ ಸೈಕಲ್ ಮತ್ತೆ ಬಂತು.

ಎದುರು ಮನೆಯ ಶಟರ್ ಮುಂದೆ ನಿಂತಿತು. ಒಂದು ಕಾಲು ನೆಲಕ್ಕೂರಿತು. ಕೈಗವಸಿನ ಕೈ ಜೇಬಿನಿಂದ ರಿಮೋಟ್ ತೆಗೆದು ಒತ್ತಿತು. ಶಟರ್ ಗರಗರನೆ ಮೇಲೇರಿತು, ಗಾಡಿ ಒಳಗೆ ಹೋಯಿತು, ಶಟರ್ ಇಳಿಯಿತು. ಹೆಲ್ಮೆಟ್ ತೆಗೆದದ್ದನ್ನು ಓಣಿಯಲ್ಲಿ ಯಾರೂ ನೋಡಲಿಲ್ಲ.

ಭಾರ್ಗವ ತನ್ನ ಮನೆಯ ಕಟ್ಟೆಯ ಮೇಲೆ ಕುಳಿತೇ ಇದ್ದ. ಆ ಗಾಡಿ ಅವನ ಕಾಕಾನ ಮಗ ವಿಜಯೀಂದ್ರನದು. ಹೆಲ್ಮೆಟ್ಟೂ ಅವನದೇ, ಬೂದು ಜಾಕೆಟ್ಟೂ ಅವನದೇ. ವಿಜಯೀಂದ್ರ ತೀರಿಕೊಂಡು ಮೂರು ತಿಂಗಳಾಗಿತ್ತು.

ವಿಜಯೀಂದ್ರನ ತಾಯಿ, ಭಾರ್ಗವನ ಕಾಕು ಅಂಬಾಬಾಯಿ ಆಗ ಹೃದಯದ ಬೇನೆಯಿಂದ ರಾಯಚೂರಿನ ಆಸ್ಪತ್ರೆಯಲ್ಲಿದ್ದರು. ಅವರನ್ನು ನೋಡಲು ಬಸ್ಸಿನಲ್ಲಿ ಹೊರಟ ಮಗ ದಾರಿಯಲ್ಲಿ ಅಪಘಾತಕ್ಕೆ ಸಿಕ್ಕ. ಸುದ್ದಿ ಹೇಳಿದರೆ ಅವರೂ ಉಳಿಯುವುದಿಲ್ಲ ಎಂದರು ಡಾಕ್ಟರು. ಕ್ರಿಯಾಕರ್ಮವನ್ನೆಲ್ಲ ಭಾರ್ಗವನೇ ಮಂತ್ರಾಲಯದಲ್ಲಿ ಮುಗಿಸಿದ. ವಿಜಯ ಕೆಲಸದ ಮೇಲೆ ಗದ್ವಾಲಕ್ಕೆ ಹೋಗಿದ್ದಾನೆ ಎಂದು ಕಾಕುವಿಗೆ ಸುಳ್ಳು ಹೇಳಿದವನೂ ಅವನೇ.

ಕಾಕುವನ್ನು ನಾರಾಯಣಪೇಟೆಯ ಈ ಎದುರು ಮನೆಗೆ ಕರೆತಂದ ಮರುವಾರದಿಂದ ಗಾಡಿ ಬರತೊಡಗಿತು.

ಮೊದಲ ಸಂಜೆ ಭಾರ್ಗವ ಎದ್ದು ಒಳಗೆ ಹೋಗಿ ಬಾಗಿಲು ಹಾಕಿಕೊಂಡಿದ್ದ. ಎರಡನೆಯ ಸಂಜೆ ಸರಿಯಾಗಿ ನೋಡಿದ. ವಿಜಯ ಮೂಲೆಯ ಚಂದ್ರಯ್ಯನ ಮನೆ ದಾಟುವಾಗಲೇ ರಿಮೋಟ್ ಒತ್ತುತ್ತಿದ್ದ. ಗಾಡಿ ಬರುವಷ್ಟರಲ್ಲಿ ಶಟರ್ ತೆರೆದಿರುತ್ತಿತ್ತು, ಕಾಲು ನೆಲಕ್ಕೆ ತಾಗಿಸದೆ ಒಳಗೆ ನುಗ್ಗುತ್ತಿದ್ದ. ಈ ಸವಾರನಿಗೆ ಅದು ಬರುವುದಿಲ್ಲ. ಜಾಕೆಟ್ ಭುಜದಲ್ಲಿ ಜೋತಾಡುತ್ತದೆ. ಯಾವನೋ ಹೊರಗಿನವನು.

ರಿಮೋಟ್ ಇರುವುದು ಕಾಕುವಿನ ಸೊಸೆ, ವಿಜಯನ ಹೆಂಡತಿ ವಸುಧಾಳ ಹತ್ತಿರ. ಅವಳೇ ಕೊಟ್ಟಿರಬೇಕು.

ಪಾತ್ರೆ ತೊಳೆಯುವ ಜಮ್ಮುಲಮ್ಮನನ್ನು ಕೇಳಿದ.

"ನಾ ಒಂಬತ್ತಕ್ಕ ಬರೋದ್ರಾಗ ಗಾಡಿ ಇರಂಗಿಲ್ರೀ. ಐದಕ್ಕ ಹೋಗೂಮಟಾ ಬರಂಗೂ ಇಲ್ಲ," ಎಂದಳು. "ಎರಡು ತಾಟು ಅಷ್ಟೇ ಬೀಳ್ತಾವ. ಅಕ್ಕಿನೂ ಇಬ್ಬರಿಗೇ ಅಳೀಬೇಕು. ಹಂಗಂತ ಅಮ್ಮೋರೇ ಹೇಳ್ಯಾರ."

ಅಂದರೆ ಬರುವವನು ಉಣ್ಣಲು ಬರುವುದಿಲ್ಲ. ಸಂಜೆ ಬಂದು ಬೆಳಿಗ್ಗೆ ಹೋಗುತ್ತಾನೆ. ಭಾರ್ಗವನ ಕಿವಿ ಬಿಸಿಯಾಯಿತು.

ಭಾನುವಾರ ಗದ್ವಾಲದಿಂದ ಹಿರಿಯರು ಬರುವವರಿದ್ದರು. ಕಾಕುವಿನ ಜೊತೆ ಈ ಸೊಸೆ ಇರಬೇಕೋ, ಧರೂರಿನ ತನ್ನ ಅಣ್ಣನ ಮನೆಗೆ ಹೋಗಬೇಕೋ ಎಂಬ ಮಾತು ಅಂದು ತೀರ್ಮಾನವಾಗಬೇಕು. ಗುರುವಾರ ಗಾಡಿ ಒಳಗೆ ಹೋದ ಮೇಲೆ ಕಾಕುವನ್ನು ನೋಡುವ ನೆಪದಲ್ಲಿ ಎದುರು ಮನೆಗೆ ಹೋದ; ಒಳಕೋಣೆಯ ಬಾಗಿಲು ಮುಚ್ಚಿತ್ತು. ಆಸ್ಪತ್ರೆಯಿಂದ ಬಂದಾಗಿನಿಂದ ಅಂಬಾಬಾಯಿ ಬಚ್ಚಲಿಗೆ ಬಿಟ್ಟರೆ ಮಂಚದಿಂದ ಇಳಿದವರಲ್ಲ.

"ಕಾಕು, ವಿಜಯ ಬಂದು ಮಾತಾಡಸ್ತಾನೇನು?"

ಅವರು ಸೂರು ನೋಡುತ್ತ ಮಲಗಿದ್ದರು. "ಮನಿಗೆ ಬಂದ ಸಪ್ಪಳ ಕೇಳಿದ್ರ ಸಾಕಪಾ ನನಗ. ಆಮ್ಯಾಲ ನಿದ್ದಿ ಬರ್ತದ."

ಬುದ್ಧಿಯೂ ಹೋಗುತ್ತಿದೆ ಎಂದುಕೊಂಡ ಭಾರ್ಗವ. ಅಡುಗೆಮನೆಯ ಬಾಗಿಲಲ್ಲಿ ವಸುಧಾ ಔಷಧಿಯ ಲೋಟ ಹಿಡಿದು ನಿಂತಿದ್ದಳು. ಮಕ್ತಲದ ಶಾಲೆಯಲ್ಲಿ ಪಾಠ ಹೇಳುವವಳು. ಮಾತು ಕಡಿಮೆ. ಹಣೆಗೆ ಕುಂಕುಮ ಇನ್ನೂ ಇತ್ತು. ಅತ್ತೆಗೆ ತಿಳಿಯದಿರಲೆಂದು ಎಲ್ಲರೂ ಒಪ್ಪಿದ್ದ ಕುಂಕುಮ. ಈಗ ಅದನ್ನು ನೋಡಿದರೂ ಅವನಿಗೆ ಬೇರೆಯೇ ಅನಿಸಿತು.

"ದಿನಾ ಸಂಜಿಗೆ ಬರೋರು ಯಾರು?" ದನಿ ತಗ್ಗಿಸಿ ಕೇಳಿದ.

"ಈ ಮನ್ಯಾಗ ಇರೋರೇ ಬರ್ತಾರ್ರೀ, ಭಾವನೋರೆ," ಎಂದಳು. "ಹೊರಗಿನವ್ರು ಯಾರೂ ಇಲ್ಲ."

ಕಣ್ಣು ತಗ್ಗಿಸಲಿಲ್ಲ. ಅವನಿಗೆ ಅದೇ ಹೆಚ್ಚು ಉರಿಯಿತು.

ಶನಿವಾರ ಸಂಜೆ ಆರಕ್ಕೆ ಭಾರ್ಗವ ಎದುರು ಮನೆಯ ಹೊರಗೋಡೆಯ ಮೀಟರ್ ಡಬ್ಬಿಯಿಂದ ಫ್ಯೂಸ್ ಕಿತ್ತು ಜೇಬಿಗೆ ಹಾಕಿಕೊಂಡ. ಅವನ ಕಟ್ಟೆಯ ಮೇಲೆ ಚಂದ್ರಯ್ಯನೂ ಅದೇ ಓಣಿಯ ಶಂಕರಯ್ಯನೂ ಸಾಕ್ಷಿಗೆ ಕುಳಿತಿದ್ದರು.

"ಏನಪಾ ಭಾರ್ಗವ, ಚಹಾಕ್ಕ ಕರದಿಯೋ ಪಂಚಾಯಿತಿಗಿ ಕರದಿಯೋ?" ಎಂದ ಚಂದ್ರಯ್ಯ.

"ಎರಡಕ್ಕೂ."

ಆರೂ ಹತ್ತು. ಗಾಡಿ ಬಂತು, ನಿಂತಿತು, ಕಾಲು ನೆಲಕ್ಕೂರಿತು. ರಿಮೋಟ್ ಒತ್ತಿದರೂ ಶಟರ್ ಅಲುಗಲಿಲ್ಲ. ಇನ್ನೊಮ್ಮೆ. ಮತ್ತೊಮ್ಮೆ.

ಭಾರ್ಗವ ದಾಟಿ ಬಂದು ಗಾಡಿಯ ಕೀಲಿ ತಿರುಗಿಸಿ ಕಿತ್ತುಕೊಂಡ. ಎಂಜಿನ್ ಸುಮ್ಮನಾಯಿತು.

"ಹೆಲ್ಮೆಟ್ ತಗೀ. ಯಾರ ಮಗ ನೀನು, ನೋಡೂಣು."

ಹೆಲ್ಮೆಟ್ ಅಡ್ಡಡ್ಡ ಆಡಿತು. ಕೈಗವಸಿನ ಕೈ ಮನೆಯ ಕಡೆ ತೋರಿಸಿ, ಮೆಲ್ಲಗೆ, ಮೆಲ್ಲಗೆ ಎಂಬಂತೆ ಸನ್ನೆ ಮಾಡಿತು.

"ಏನ್ ಮೆಲ್ಲಗ? ಒಳಗ ಆ ಜೀವ ನಿನ್ನನ್ನ ತನ್ನ ಮಗಾ ಅಂತ ತಿಳಕೊಂಡು ಮಲಗ್ಯಾಳ! ನಾಚಿಕಿ ಬರೂದಿಲ್ಲ?" ಎಂದು ರಟ್ಟೆ ಹಿಡಿದ. ಜಾಕೆಟ್ಟಿನೊಳಗೆ ರಟ್ಟೆ ತೀರ ಸಣ್ಣಗಿತ್ತು.

ಆಗ ಒಳಗೆ ಸರಪಳಿಯ ಸದ್ದಾಯಿತು.

ಕರೆಂಟ್ ಇಲ್ಲದಾಗ ಶಟರ್ ಎತ್ತುವ ಕೈಸರಪಳಿ ಅದು. ಶಟರ್ ಒಂದು ಗೇಣು ಎದ್ದು ನಿಂತಿತು. ಇನ್ನೊಂದು ಗೇಣು. ಮೊದಲು ಬರಿಗಾಲು ಕಂಡವು, ಆಮೇಲೆ ಸೀರೆಯ ಅಂಚು, ಆಮೇಲೆ ಸರಪಳಿ ಜಗ್ಗುವ ಎರಡು ಕೈ. ಸೊಂಟದೆತ್ತರಕ್ಕೆ ಬಂದಾಗ ಅಂಬಾಬಾಯಿ ಸರಪಳಿ ಬಿಟ್ಟು ಬಗ್ಗಿ ಹೊರಗೆ ನೋಡಿದರು. ಉಸಿರು ಮೇಲೆ ಕೆಳಗೆ ಆಗುತ್ತಿತ್ತು.

"ಅಕಿ ಕೈ ಬಿಡು, ಭಾರ್ಗವಾ," ಎಂದರು. "ನನ್ನ ಮಗ ಒಂದಿನಾನೂ ಬಾಗಲ ಮುಂದ ಗಾಡಿ ನಿಂದ್ರಿಸಿದವನಲ್ಲ. ಮೊದಲನೇ ಸಂಜಿಗೇ ತಿಳೀತು ನನಗ, ಅವ ಇಲ್ಲ ಅಂತ."

ಆಮೇಲೆ ಹೆಲ್ಮೆಟ್ಟಿನ ಕಡೆ ಕೈ ಚಾಚಿದರು. "ಬಾ ವಸುಧಾ, ಒಳಗ ಬಾ."